ಹಳೇ ಬೈಕಾ, ಹಳೇ ಎಂಟಿಬಿಯಾ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಹಳೇ ಮೋಟಾರ್ ಬೈಕುಗಳ ಹುಚ್ಚಿರುವವರ ಶೆಡ್ಡಿಗೆ ಹೋದರೆ ಗೋಡೆಯ ಮೇಲೆ ಒಂದು ಹಳೇ ಮೌಂಟೆನ್ ಸೈಕಲ್ಲೂ (ಎಂಟಿಬಿ) ನೇತಾಡುತ್ತಿರುವುದು ಅಪರೂಪವೇನಲ್ಲ. ಎರಡಕ್ಕೂ ಹುಟ್ಟಿನಿಂದಲೇ ನೆಂಟಸ್ತಿಕೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ ಒಂದಷ್ಟು ಜನ 30, 40ರ ದಶಕದ ದಪ್ಪ ಟೈರಿನ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. ಗಟ್ಟಿಮುಟ್ಟಾದ ಬ್ರೇಕ್ ಲಿವರ್ ಬೇಕಾದಾಗ ಮೋಟಾರ್ ಬೈಕಿನದ್ದನ್ನೇ ತಂದು ಹಾಕಿಕೊಂಡರು. 1990ರ ಹೊತ್ತಿಗೆ ಬಂದ ರಾಕ್‌ಶಾಕ್ಸ್ ಆರ್‌ಎಸ್-1 ಎಂಬ ಸೈಕಲ್ಲಿನ ಸಸ್ಪೆನ್ಷನ್ ಫೋರ್ಕನ್ನು (ಮುಂಚಕ್ರ ಹಿಡಿಯುವ ಕವಲು) ರೂಪಿಸಿದ ಪಾಲ್ ಟರ್ನರ್ ಕೂಡ ಮೋಟೊಕ್ರಾಸ್ (ಮಣ್ಣುದಾರಿಯ ಬೈಕ್ ರೇಸ್) ಲೋಕದಿಂದ ಬಂದವರೇ.

ಆದ್ದರಿಂದ ಒಂದರ ಫೋಟೊ ನೋಡಿ ಆಸೆಪಟ್ಟವರಿಗೆ ಇನ್ನೊಂದರ ಮೇಲೂ ಕಣ್ಣು ಬೀಳುತ್ತದೆ. ಆದರೆ ಜಾಗ, ಸಮಯ, ದುಡ್ಡು ಮೂರೂ ಒಟ್ಟಿಗೆ ಕೂಡಿಬರುವುದು ಕಷ್ಟ. ಮೊದಲು ಒಂದನ್ನು ಆರಿಸಲೇಬೇಕು. ಹಾಗೆ ಆರಿಸುವಾಗ ಹೆಚ್ಚಿನವರು ಯಾವುದು ಚೆಂದ, ಯಾವುದು ಅಪರೂಪ ಎಂದು ನೋಡುತ್ತಾರೆ. ನಾನು ನೋಡುವುದು ಬೇರೆ. ಹಳೇ ಗಾಡಿಯ ಜೊತೆ ಕಳೆಯುವ ಹೊತ್ತಿನಲ್ಲಿ ದೊಡ್ಡ ಪಾಲು ಅದು ನಿಂತಿರುವಾಗಲೇ ಕಳೆದುಹೋಗುತ್ತದೆ. ಆ ಹೊತ್ತಿನಲ್ಲಿ ಎಂಥ ಕೆಲಸ ಮಾಡಿದರೆ ನಿಮಗೆ ಬೇಸರ ಬರುವುದಿಲ್ಲ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹಳೆಯದು ಎಂದರೆ ಎಷ್ಟು ಹಳೆಯದು ಎಂಬುದನ್ನೂ ಹೇಳಿಬಿಡುತ್ತೇನೆ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಕನಿಷ್ಠ 30 ವರ್ಷದ ಗಾಡಿಯನ್ನು ಮಾತ್ರ ಐತಿಹಾಸಿಕ ಎನ್ನುತ್ತದೆ. ಬೈಕಿಗೆ ಆ ಲೆಕ್ಕ ಸಾಕು. ಎಂಟಿಬಿಗೆ ನಾನು 1996ಕ್ಕೆ ಗೆರೆ ಎಳೆಯುತ್ತೇನೆ. ಎಂಟಿಬಿ ರೇಸ್ ಒಲಿಂಪಿಕ್ಸ್‌ಗೆ ಬಂದದ್ದು ಆ ವರ್ಷ. ಜಪಾನಿನ ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೊದ ವಿ-ಬ್ರೇಕ್ ಎಂಬ ಹೊಸ ಬಗೆಯ ಬ್ರೇಕು ಹೊರಬಂದದ್ದೂ ಅದೇ ಹೊತ್ತಿಗೆ. ಅಲ್ಲಿಂದಾಚೆಗೆ ಸೈಕಲ್ಲಿನ ಸ್ವಭಾವವೇ ಬದಲಾಯಿತು.

ಕೆಟ್ಟು ನಿಂತಾಗ

ಬೈಕ್ ಕೆಟ್ಟರೆ ಏನು ಕೆಟ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಪೆಟ್ರೋಲು, ಗಾಳಿ, ಕಿಡಿ, ಕಂಪ್ರೆಶನ್ ನಾಲ್ಕೂ ಸರಿಯಾದ ಹೊತ್ತಿಗೆ ಕೂಡಬೇಕು. ಒಂದು ತಪ್ಪಿದರೂ ಎಷ್ಟು ಕಿಕ್ ಹೊಡೆದರೂ ಅಷ್ಟೆ. ಪ್ಲಗ್ ಬಿಚ್ಚಿ, ಅದರ ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿ ಇಟ್ಟು ಕಿಕ್ ಹೊಡೆದರೆ ಕಿಡಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಪ್ಲಗ್ ಬಿಚ್ಚಿದ ತೂತಿನ ಹತ್ತಿರ ಮಾತ್ರ ಹಿಡಿಯಬೇಡಿ, ಅಲ್ಲಿಂದ ಪೆಟ್ರೋಲು ಚಿಮ್ಮುತ್ತದೆ. ಕಿಡಿ ನೀಲಿಯಾಗಿ, ಚಟ್ ಎಂದು ಬಂದರೆ ಸರಿ. ಮಂಕಾಗಿ ಹಳದಿ ಬಂದರೆ ಕಿಡಿ ಹುಟ್ಟಿಸುವ ಪಾಯಿಂಟ್ಸ್, ಕಂಡೆನ್ಸರ್, ಕಾಯಿಲ್ ಮೂರರಲ್ಲಿ ಒಂದರ ಮೇಲೆ ಅನುಮಾನ ಪಡಬೇಕು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಉರಿಯುತ್ತಿಲ್ಲ. ಒಣಗಿದ್ದರೆ ಪೆಟ್ರೋಲು, ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಕಡೆಗೆ ಹೋಗಬೇಕು. ಒಂದೊಂದೇ ಸಾಧ್ಯತೆಯನ್ನು ಹೊಡೆದುಹಾಕುತ್ತ ಹೋಗುವ ಈ ಪತ್ತೇದಾರಿಕೆ ಕೆಲವರಿಗೆ ಪರಮಸುಖ. ಕೆಲವರಿಗೆ ಹತ್ತೇ ನಿಮಿಷದಲ್ಲಿ ತಲೆ ಕೆಡುತ್ತದೆ. ಇದರಲ್ಲಿ ನೀವು ಯಾರು ಎಂದು ನಿಮಗೆ ಈಗಲೇ ಗೊತ್ತಿರುತ್ತದೆ.

ಸೈಕಲ್ಲಿನಲ್ಲಿ ಬಚ್ಚಿಟ್ಟುಕೊಳ್ಳುವಂಥದ್ದು ಕಡಿಮೆ. ಚೈನು ಜಾರಿದರೆ ಕಾಣುತ್ತದೆ, ಬ್ರೇಕ್ ಕಿರುಚಿದರೆ ಕೇಳುತ್ತದೆ, ಬೇರಿಂಗಿನಲ್ಲಿ ಆಟವಿದ್ದರೆ ಕೈಗೆ ತಿಳಿಯುತ್ತದೆ. ಇಲ್ಲಿ ಬೇಕಾದದ್ದು ತಾಳ್ಮೆ ಮತ್ತು ನಯ. ರಿಮ್ಮನ್ನು ಎರಡೂ ಕಡೆಯಿಂದ ರಬ್ಬರಿನಲ್ಲಿ ಒತ್ತಿ ಹಿಡಿಯುವ ಹಳೇ ಕ್ಯಾಂಟಿಲಿವರ್ ಬ್ರೇಕನ್ನೇ ತಗೊಳ್ಳಿ. ರಬ್ಬರಿನ ಎತ್ತರ, ಕೋನ, ರಿಮ್ಮಿಗೆ ಇರುವ ದೂರ ಎಲ್ಲವನ್ನೂ ಒಂದೇ ಬೋಲ್ಟು ಹಿಡಿದಿರುತ್ತದೆ. ಅದನ್ನು ಬಿಗಿ ಮಾಡುವಾಗಲೇ ರಬ್ಬರು ಸ್ವಲ್ಪ ತಿರುಗಿಬಿಡುತ್ತದೆ. ರಬ್ಬರಿನ ಮುಂತುದಿ ಮೊದಲು ರಿಮ್ಮಿಗೆ ತಾಗುವಂತೆ ಕೂಡಿಸಬೇಕು. ಹಿಂತುದಿಗೆ ದಪ್ಪ ಕಾಗದದ ಚೂರೊಂದನ್ನು ಅಡ್ಡ ಇಟ್ಟು ಬಿಗಿದರೆ ಆ ಕೋನ ತಾನಾಗಿ ಬರುತ್ತದೆ. ಎರಡೂ ಕಡೆ ಸಮ ಆಗುವ ಹೊತ್ತಿಗೆ ಅರ್ಧ ಮಧ್ಯಾಹ್ನ ಮುಗಿದಿರುತ್ತದೆ. ಆದರೂ ಸಂಜೆಗೆ ಸೈಕಲ್ ಓಡುತ್ತದೆ. ಬೈಕಿನ ವಿಷಯದಲ್ಲಿ ಸಂಜೆ ಏನಾಗುತ್ತದೆ ಎಂದು ಮಾತು ಕೊಡಲಾಗದು.

ಸಾಮಾನಿನ ಪಾಡು

ಹಳೇ ಬೈಕಿಗೆ ಸ್ಪೇರ್ ಸಿಗುವುದಿಲ್ಲ, ಸೈಕಲ್ಲಿಗೆ ಎಲ್ಲ ಸಿಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಲಕ್ಷಗಟ್ಟಲೆ ಮಾರಾಟವಾದ ಮಾಡೆಲ್ಲಾದರೆ ಬೈಕಿನ ಪಿಸ್ಟನ್, ರಿಂಗು, ಗ್ಯಾಸ್ಕೆಟ್, ಆಯಿಲ್ ಸೀಲು, ಕ್ಲಚ್ ಪ್ಲೇಟು, ಕೇಬಲ್ಲು ಇವತ್ತಿಗೂ ಹೊಸದಾಗಿ ತಯಾರಾಗುತ್ತಿರುತ್ತವೆ. ಬೇರಿಂಗು ಎಷ್ಟೋ ಸಲ ಸ್ಟ್ಯಾಂಡರ್ಡ್ ಅಳತೆಯದೇ ಆಗಿರುತ್ತದೆ. ಸವೆದ ಸಿಲಿಂಡರನ್ನು ಬೋರ್ ಮಾಡಿಸಬಹುದು, ತೀರ ಹೋಗಿದ್ದರೆ ಸ್ಲೀವ್ ಹಾಕಿಸಬಹುದು. ಸಿಗದೆ ಕಾಡುವುದು ಸೈಡ್ ಪ್ಯಾನೆಲ್, ಟ್ಯಾಂಕ್ ಬ್ಯಾಡ್ಜ್, ಮೀಟರ್, ಒರಿಜಿನಲ್ ಸೈಲೆನ್ಸರ್ ಇಂಥವು. ಎಂಜಿನ್ ಬಿಚ್ಚಿಹೋಗಿದ್ದರೂ ಸಾಮಾನೆಲ್ಲ ಜೊತೆಗಿರುವ ಗಾಡಿ, ಎಂಜಿನ್ ಓಡುತ್ತ ತಗಡಿನ ಸಾಮಾನು ಇಲ್ಲದ ಗಾಡಿಗಿಂತ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಸೈಕಲ್ಲಿನಲ್ಲಿ ದಿನಬಳಕೆಯದ್ದು ಸುಲಭ: ಕೇಬಲ್ಲು, ಬ್ರೇಕ್ ರಬ್ಬರು, ಚೈನು, 26 ಇಂಚಿನ ಟೈರು. ಕಷ್ಟ ಇರುವುದು ಅಳತೆಗಳಲ್ಲಿ. ಹಿಂದಿನ ಹಬ್ಬಿನ ಅಗಲ 126 ಮಿ.ಮೀ., 130, 135 ಎಂದು ಕಾಲಕ್ಕೊಂದು. ಹ್ಯಾಂಡಲ್ ಕೂರುವ ಹೆಡ್‌ಸೆಟ್ ಒಂದು ಇಂಚು, ಒಂದೂಕಾಲು ಇಂಚು, ಇವೆರಡರ ನಡುವೆ ಕೊನೆಗೆ ಗೆದ್ದ ಒಂದೂ ಒಂದೆಂಟಾಂಶ ಇಂಚು. ಸೀಟ್‌ಪೋಸ್ಟಿನ (ಸೀಟನ್ನು ಹೊತ್ತ ಕೊಳವೆ) ವ್ಯಾಸ 26.4, 26.6, 26.8, 27.0, 27.2 ಎಂದು 0.2 ಮಿ.ಮೀ. ಅಂತರದಲ್ಲಿ ಬದಲಾಗುತ್ತದೆ. ಒಂದು ಸೈಜು ಚಿಕ್ಕದನ್ನು ಹಾಕಿ ಕ್ಲ್ಯಾಂಪನ್ನು ಜಗ್ಗಿ ಬಿಗಿದವರ ಫ್ರೇಮಿನಲ್ಲಿ ಕ್ಲ್ಯಾಂಪ್ ಕೂರುವ ಕಿವಿ ಬಾಗಿರುತ್ತದೆ, ಇಲ್ಲವೇ ಸೀಳಿರುತ್ತದೆ.

ಸೀಟ್‌ಪೋಸ್ಟಿನ ಮಾತು ಬಂದದ್ದೇ ಒಳ್ಳೆಯದಾಯಿತು. ಹಳೇ ಎಂಟಿಬಿ ನೋಡಲು ಹೋದರೆ ಬಣ್ಣ ನೋಡುವ ಮುಂಚೆ ಇದನ್ನು ನೋಡಿ. ಕ್ಲ್ಯಾಂಪ್ ಸಡಿಲಿಸಿ, ಸೀಟನ್ನು ಎರಡೂ ಕೈಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ತಿರುಗಿದರೆ ಸರಿ. ತಿರುಗದಿದ್ದರೆ ಪೋಸ್ಟು ಫ್ರೇಮಿಗೆ ಅಂಟಿಕೊಂಡಿದೆ. ಅಲ್ಯೂಮಿನಿಯಂ ಪೋಸ್ಟು ಸ್ಟೀಲ್ ಕೊಳವೆಯೊಳಗೆ ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತಾಗ, ತೇವ ಸೇರಿ ಎರಡು ಲೋಹಗಳ ನಡುವೆ ಬಿಳಿ ಪುಡಿ ಕಟ್ಟಿ ಗಾರೆಯಂತೆ ಬಿಗಿದುಬಿಡುತ್ತದೆ. ಬಿಡಿಸಲು ದಾರಿಗಳಿವೆ: ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯುವುದು, ಪೋಸ್ಟನ್ನು ವೈಸಿಗೆ ಕಚ್ಚಿಸಿ ಇಡೀ ಫ್ರೇಮನ್ನೇ ಸನ್ನೆಯಾಗಿ ತಿರುಗಿಸುವುದು, ಕೊನೆಗೆ ಪೋಸ್ಟನ್ನು ಕತ್ತರಿಸಿ ಒಳಗಿನಿಂದ ಗರಗಸದ ಬ್ಲೇಡಿನಲ್ಲಿ ಉದ್ದಕ್ಕೆ ಸೀಳುವುದು. ಮೂರನೆಯದು ಮಾಡಿದವರು ಎರಡನೇ ಸಲ ಅಂಥ ಸೈಕಲ್ ಕೊಳ್ಳುವುದಿಲ್ಲ.

ಬೈಕೇ ಎಂದಾದರೆ

ಮೊದಲ ಕವಲು ಟೂ-ಸ್ಟ್ರೋಕೋ ಫೋರ್-ಸ್ಟ್ರೋಕೋ ಎಂಬುದು. ಟೂ-ಸ್ಟ್ರೋಕಿನಲ್ಲಿ ವಾಲ್ವಿಲ್ಲ, ಕ್ಯಾಮಿಲ್ಲ. ಹೆಡ್ಡು, ಸಿಲಿಂಡರು ಬಿಚ್ಚಿ ಪಿಸ್ಟನ್ ನೋಡಲು ಒಂದು ಮಧ್ಯಾಹ್ನ ಸಾಕು. 1968ರಲ್ಲಿ ಯಮಹಾ ಡಿಟಿ-1 ಬಂದಾಗ ಕಾಡುದಾರಿಯ ಸವಾರಿ ಸಾಮಾನ್ಯರ ಕೈಗೆ ಎಟುಕಿದ್ದಕ್ಕೆ ಅದರ ಹಗುರಾದ, ಸರಳವಾದ 250 ಸಿಸಿ ಟೂ-ಸ್ಟ್ರೋಕ್ ಎಂಜಿನ್ನೂ ಕಾರಣ. ಆದರೆ ಈ ಸರಳತೆಯ ಅಡಿಯಲ್ಲೊಂದು ಗುಂಡಿಯಿದೆ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಸೀಲು ವಯಸ್ಸಾಗಿ ಗಟ್ಟಿಯಾದರೆ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಓಡುತ್ತಿರುವಾಗಲೇ ಸೀಜ್ ಆಗುತ್ತದೆ, ಅಂದರೆ ಬಿಗಿದು ನಿಂತುಬಿಡುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ಕೂಗುತ್ತಲೇ ಇದ್ದು ನಿಧಾನವಾಗಿ ಇಳಿದರೆ ಮೊದಲು ಸಂಶಯ ಪಡಬೇಕಾದದ್ದು ಈ ಸೀಲುಗಳನ್ನು. ನಿಂತು ನಿಂತು ಹಳತಾದ ಟೂ-ಸ್ಟ್ರೋಕ್ ಕೊಂಡರೆ ಸೀಲು ಬದಲಾಯಿಸುವ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಫೋರ್-ಸ್ಟ್ರೋಕಿನಲ್ಲಿ ಕೆಲಸ ಹೆಚ್ಚು, ಅನಿರೀಕ್ಷಿತ ಕಡಿಮೆ. ಆಯಿಲ್ ಬದಲಾಯಿಸುತ್ತ, ವಾಲ್ವ್ ಕ್ಲಿಯರೆನ್ಸ್ ನೋಡಿಕೊಳ್ಳುತ್ತ ಹೋದರೆ ತಕರಾರಿಲ್ಲ. ಎಷ್ಟು ಸಿಲಿಂಡರ್ ಎಂಬುದು ಮಾತ್ರ ಮುಖ್ಯ. 1969ರ ಹೊಂಡಾ ಸಿಬಿ750 ಚರಿತ್ರೆಯ ಗಾಡಿ: ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಅದೂ ಕಾರ್ಖಾನೆಯಿಂದಲೇ. ಆದರೆ ನಾಲ್ಕು ಸಿಲಿಂಡರ್ ಎಂದರೆ ನಾಲ್ಕು ಕಾರ್ಬ್ಯುರೇಟರ್. ನಾಲ್ಕನ್ನೂ ಬಿಚ್ಚಿ ತೊಳೆದು, ಒಂದೇ ಸಮನಾಗಿ ಎಳೆಯುವಂತೆ ಗೇಜು ಹಿಡಿದು ಹೊಂದಿಸಬೇಕು. ತೂಕವೂ 200 ಕಿಲೊ ಮೀರುತ್ತದೆ. ಮೊದಲ ಹಳೇ ಬೈಕಿಗೆ ಒಂದೇ ಸಿಲಿಂಡರ್, ಒಂದೇ ಕಾರ್ಬ್ಯುರೇಟರ್ ಇರಲಿ ಎಂಬುದು ನನ್ನ ಹಟ. ಅದರಲ್ಲೂ 1976ರ ಯಮಹಾ ಎಕ್ಸ್‌ಟಿ500ರಂಥ ದೊಡ್ಡ ಸಿಂಗಲ್‌ಗೆ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಶನ್ ಲಿವರ್ ಒತ್ತಿ ಪಿಸ್ಟನ್ನನ್ನು ಸರಿಯಾದ ಜಾಗಕ್ಕೆ ತಂದು ಕಿಕ್ ಹೊಡೆಯುವ ಕ್ರಮ ಕಲಿಯಬೇಕು. ಕಲಿಯದವರ ಕಾಲಿಗೆ ಅದು ವಾಪಸ್ ಹೊಡೆಯುತ್ತದೆ.

ಬ್ರಿಟಿಷ್ ಗಾಡಿಯ ಮೋಹವಿದ್ದರೆ ಎರಡು ವಿಷಯ. ಮೊದಲನೆಯದು ಸ್ಪ್ಯಾನರ್: ಹಳೆಯವುಗಳಲ್ಲಿ ವಿಟ್‌ವರ್ತ್ ಎಂಬ ಹಳೇ ಬ್ರಿಟಿಷ್ ಇಂಚಿನ ಅಳತೆಯ ನಟ್ಟು ಬೋಲ್ಟು, ನಿಮ್ಮ ಮಿಲಿಮೀಟರ್ ಸೆಟ್ಟು ಕೆಲಸಕ್ಕೆ ಬಾರದು. ಎರಡನೆಯದು ಗೇರು: 1970ರ ದಶಕದ ನಡುವಿನವರೆಗೂ ಅವುಗಳಲ್ಲಿ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಗಾಬರಿಯಾದಾಗ ಕಾಲು ಹಳೇ ಅಭ್ಯಾಸಕ್ಕೇ ಹೋಗುತ್ತದೆ, ಬ್ರೇಕ್ ಎಂದುಕೊಂಡು ಗೇರ್ ತುಳಿಯುತ್ತೀರಿ. ಜಪಾನಿ ಗಾಡಿಯಲ್ಲಿ ಈ ತೊಂದರೆಯಿಲ್ಲ. ಆದರೆ ಅದರ ಸ್ಟಾರ್ ಸ್ಕ್ರೂಗಳು ಜೆಐಎಸ್ ಎಂಬ ಜಪಾನಿ ಮಾನಕದ ಅಳತೆಯವು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಗುಂಡಗಾಗುತ್ತದೆ. ಎಂಜಿನ್ ಕವರಿನ ಸ್ಕ್ರೂ ತಲೆಗಳು ಹೇಗಿವೆ ಎಂದು ನೋಡಿದರೆ ಹಿಂದೆ ಎಂಥವರ ಕೈ ಆಡಿದೆ ಎಂದು ಗೊತ್ತಾಗಿಬಿಡುತ್ತದೆ.

ಯಾವ ಬೈಕೇ ಆಗಲಿ, ಹಳೇ ಡ್ರಮ್ ಬ್ರೇಕ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಲ್ಲಾಗಲಿ ಕಂಪ್ರೆಸರಿನಲ್ಲಾಗಲಿ ಊದಬೇಡಿ. ಆ ಕಾಲದ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಂಟಿಬಿಯೇ ಎಂದಾದರೆ

ಇಲ್ಲಿ ಆಯ್ಕೆ ಆಗುವುದು ಇಸವಿಯಿಂದ. 1976ರ ಅಕ್ಟೋಬರಿನಲ್ಲಿ ಮರಿನ್‌ನ ರಿಪ್ಯಾಕ್ ಇಳಿಜಾರಿನಲ್ಲಿ ಮೊದಲ ರೇಸ್ ನಡೆದಾಗ ಓಡಿದವು ಆ ಹಳೇ ಶ್ವಿನ್‌ಗಳೇ. ಇಳಿದು ಮುಗಿಯುವಷ್ಟರಲ್ಲಿ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಉರಿದುಹೋಗಿ, ಪ್ರತಿ ಸಲ ಹೊಸದಾಗಿ ತುಂಬಬೇಕಾಗುತ್ತಿತ್ತು (ಇಂಗ್ಲಿಷಿನಲ್ಲಿ ರಿಪ್ಯಾಕ್). ಇಳಿಜಾರಿಗೆ ಆ ಹೆಸರು ಬಂದದ್ದೂ ಹಾಗೆಯೇ. ಮರುವರ್ಷ ಜೋ ಬ್ರೀಝ್ ಇದಕ್ಕೆಂದೇ ಫ್ರೇಮ್ ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ ಮೇಲೆ ಅಂಗಡಿಗೆ ಹೋಗಿ ಎಂಟಿಬಿ ಕೊಳ್ಳುವ ಕಾಲ ಶುರುವಾಯಿತು.

80ರ ದಶಕದ ಮೊದಲರ್ಧದವು ನೋಡಲು ಬಹಳ ಚೆಂದ, ಉದ್ದನೆಯ ಮೈಕಟ್ಟು, ಕೂತರೆ ಸೋಫಾ. ಆದರೆ ಗೇರ್ ಹಾಕಿದರೆ ಕಟ್ ಎಂದು ಕೂರುವುದಿಲ್ಲ, ಲಿವರನ್ನು ಅಂದಾಜಿನಲ್ಲಿ ಸರಿಸಬೇಕು. ಸಾಮಾನು ಸಂಗ್ರಾಹಕರ ಪಾಲಾಗಿದೆ. ದಶಕದ ನಡುವೆ ಎರಡು ಮೂರು ವರ್ಷ ಬಂದ ಒಂದು ಫ್ಯಾಷನ್ನಿನಿಂದ ದೂರವಿರಿ: ಹಿಂದಿನ ಬ್ರೇಕನ್ನು ಪೆಡಲಿನ ಹಿಂದೆ, ಚೈನಿನ ಪಕ್ಕದ ಕೊಳವೆಯ ಅಡಿಗೆ ಹಾಕುತ್ತಿದ್ದ ಯು-ಬ್ರೇಕ್. ಕೆಸರೆಲ್ಲ ಅಲ್ಲಿಗೇ ಬಂದು ತುಂಬಿಕೊಳ್ಳುತ್ತದೆ. ಅದರ ಗೂಟಗಳ ಜಾಗವೇ ಬೇರೆಯಾದ್ದರಿಂದ ಕ್ಯಾಂಟಿಲಿವರ್ ಹಾಕಿ ಸುಧಾರಿಸಲೂ ಆಗುವುದಿಲ್ಲ.

ನಾನು ಬೊಟ್ಟು ಮಾಡುವುದು ಸುಮಾರು 1989ರಿಂದ 94ರವರೆಗಿನ, ಸಸ್ಪೆನ್ಷನ್ ಇಲ್ಲದ ಸ್ಟೀಲ್ ಫ್ರೇಮಿನ ಕಡೆಗೆ. ಟ್ಯಾಂಗೆ ಪ್ರೆಸ್ಟೀಜ್, ರಿಚಿ ಲಾಜಿಕ್, ಟ್ರೂ ಟೆಂಪರ್ ಎಂಬ ಸ್ಟಿಕ್ಕರ್ ಕಂಡರೆ ಕೊಳವೆ ಒಳ್ಳೆಯದೆಂದು ತಿಳಿಯಿರಿ. ಶಿಮಾನೊ ಡಿಯೋರ್ ಎಕ್ಸ್‌ಟಿಯಲ್ಲಿ 1987ರಿಂದಲೇ ಗೇರ್ ಕಟ್ ಕಟ್ ಎಂದು ಬೀಳತೊಡಗಿತ್ತು, ಆಮೇಲೆ ಬಂದ 7 ಹಲ್ಲುಚಕ್ರದ ಕ್ಯಾಸೆಟ್ ಈಗಲೂ ಹೊಸದು ಸಿಗುತ್ತದೆ. ಸ್ಟೀಲ್ ಬಾಗಿದರೆ ನೆಟ್ಟಗೆ ಮಾಡಬಹುದು, ಬಿರುಕು ಬಿಟ್ಟರೆ ಬೆಸುಗೆ ಹಾಕಿಸಬಹುದು. ಕ್ಲೈನ್, ಕ್ಯಾನನ್‌ಡೇಲ್‌ನಂಥ ದಪ್ಪ ಕೊಳವೆಯ ಅಲ್ಯೂಮಿನಿಯಂ ಫ್ರೇಮುಗಳು ಹಗುರ, ಚುರುಕು, ಕ್ಲೈನ್‌ನ ಬಣ್ಣವಂತೂ ನೋಡುತ್ತಲೇ ಇರಬೇಕು. ಆದರೆ ಅಲ್ಯೂಮಿನಿಯಂ ದಣಿಯುವ ಲೋಹ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿಯೇ ಕೊಳ್ಳಬೇಕು. ಕೊಳವೆಗಳನ್ನು ಬೆಸೆಯದೆ ಅಂಟಿನಿಂದ ಜೋಡಿಸಿದ ಫ್ರೇಮುಗಳೂ ಆಗ ಬಂದಿದ್ದವು. ಅವನ್ನು ಗುಡ್ಡಕ್ಕೆ ಒಯ್ಯಲು ನನಗೆ ಧೈರ್ಯವಿಲ್ಲ.

ಸಸ್ಪೆನ್ಷನ್ ಫೋರ್ಕ್ ಇದ್ದರೆ ಅದನ್ನು ಬೋನಸ್ ಎಂದುಕೊಳ್ಳಬೇಡಿ. 90ರ ದಶಕದ ಎಷ್ಟೋ ಫೋರ್ಕುಗಳೊಳಗೆ ಸ್ಪ್ರಿಂಗಿನ ಬದಲು ಎಲಾಸ್ಟೊಮರ್ ಎಂಬ ರಬ್ಬರಿನಂಥ ಬಿಲ್ಲೆಗಳಿರುತ್ತವೆ. ಇಷ್ಟು ವರ್ಷಕ್ಕೆ ಅವು ಕಲ್ಲಾಗಿರುತ್ತವೆ ಅಥವಾ ಕರಗಿ ಅಂಟಂಟಾಗಿ ಕೆಳಗೆ ಕೂತಿರುತ್ತವೆ. ಒತ್ತಿ ನೋಡಿ. ಕೆಳಗೆ ಹೋಗಿ ವಾಪಸ್ ಬರದಿದ್ದರೆ ಒಳಗೆ ಏನಾಗಿದೆ ಎಂದು ಬಿಚ್ಚದೆಯೇ ಹೇಳಬಹುದು.

ಓಡಿಸುವಾಗ, ಓಡಿಸಲು ಕೊಡುವಾಗ

ಹಳೇ ಎಂಟಿಬಿ ಇಳಿಜಾರಿನಲ್ಲಿ ಹೆದರಿಸುತ್ತದೆ. ಹ್ಯಾಂಡಲ್ ಹಿಡಿಯುವ ಸ್ಟೆಮ್ 130, 140 ಮಿ.ಮೀ. ಉದ್ದ, ಹ್ಯಾಂಡಲ್ ಕಿರಿದು, ಮೈಭಾರವೆಲ್ಲ ಮುಂಗಾಲಿಯ ಮೇಲೆ. ಏರಿನಲ್ಲಿ ಅದೇ ಗುಣ ವರವಾಗುತ್ತದೆ, ಮುಂಚಕ್ರ ನೆಲ ಬಿಡುವುದಿಲ್ಲ. ಹಳೇ ಬೈಕಿನ ಅಡ್ಡಿ ಬೇರೆ: ಎಂಜಿನ್ನಿಗೆ ಓಡುವ ಶಕ್ತಿಯಿರುತ್ತದೆ, ಡ್ರಮ್ ಬ್ರೇಕಿಗೆ ನಿಲ್ಲಿಸುವ ಶಕ್ತಿ ಅಷ್ಟಿರುವುದಿಲ್ಲ. 6 ವೋಲ್ಟಿನ ದೀಪದಲ್ಲಿ ರಾತ್ರಿ ಹೋಗುವುದಂತೂ ಬೇಡವೇ ಬೇಡ.

ಹವ್ಯಾಸಿಗಳು ಸೇರಿದ ಕಡೆ ಒಬ್ಬರ ಗಾಡಿ ಇನ್ನೊಬ್ಬರು ಓಡಿಸಿ ನೋಡುವುದು ಅರ್ಧ ಸಂತೋಷ. ಇದರಲ್ಲಿ ಸೈಕಲ್ ಮುಂದೆ. ಎತ್ತರ ಹೊಂದಿದರೆ ಯಾರಿಗೆ ಬೇಕಾದರೂ ಕೊಡಬಹುದು, ಬಿದ್ದರೂ ಹೋಗುವುದು ಕಡಿಮೆ. ಬೈಕ್ ಕೊಡುವ ಮೊದಲು ಲೈಸೆನ್ಸ್, ವಿಮೆ, ಅವರಿಗೆ ಆ ಗೇರಿನ ಅಭ್ಯಾಸವಿದೆಯೇ ಎಂದೆಲ್ಲ ಯೋಚಿಸಬೇಕು, ಚೋಕ್ ಎಳೆಯುವುದರಿಂದ ಹಿಡಿದು ಪಾಠ ಮಾಡಬೇಕು. ಆದರೆ ಜನ ಸೇರಿದಲ್ಲಿ ಎಂಜಿನ್ ಶುರುವಾದ ತಕ್ಷಣ ಸುತ್ತ ಆಗುವ ಗುಂಪು ಯಾವ ಸೈಕಲ್ಲಿಗೂ ಆಗುವುದಿಲ್ಲ. ಸೈಕಲ್ಲಿನ ಹತ್ತಿರ ಬಗ್ಗಿ ನಿಲ್ಲುವವರು ವಿಷಯ ಗೊತ್ತಿರುವ ನಾಲ್ಕೇ ಜನ. ಅವರ ಜೊತೆ ಮಾತು ಮಾತ್ರ ಬೇಗ ಮುಗಿಯದು.

ಜಾಗ, ಕಾಗದದ ವಿಷಯ ಚಿಕ್ಕದು. ಸೈಕಲ್ಲನ್ನು ಮಲಗುವ ಕೋಣೆಯಲ್ಲೂ ನೇತುಹಾಕಬಹುದು, ಬೈಕಿಗೆ ಗಾಳಿಯಾಡುವ ಜಾಗ ಬೇಕು, ಪೆಟ್ರೋಲಿನ ವಾಸನೆ ಮನೆಯವರಿಗೆ ಒಗ್ಗಬೇಕು. ಬೈಕಿನ ಎಂಜಿನ್ ನಂಬರ್, ಫ್ರೇಮ್ ನಂಬರ್ ಕಾಗದದ ಜೊತೆ ತಾಳೆಯಾಗದಿದ್ದರೆ ಅದೆಷ್ಟು ಚೆಂದವಿದ್ದರೂ ಹಿಂದೆ ಸರಿಯಿರಿ.

ಯಂತ್ರ ಬಿಚ್ಚಿ ಜೋಡಿಸಿದ ಅನುಭವ ಇಲ್ಲದವರಿಗೆ, ಬಾಡಿಗೆ ಮನೆಯವರಿಗೆ, ಸಣ್ಣ ಮಕ್ಕಳಿರುವವರಿಗೆ ನನ್ನ ಉತ್ತರ ಎಂಟಿಬಿ, ಅದೂ ಮೇಲೆ ಹೇಳಿದ ಸ್ಟೀಲ್. ಒಂದು ವಾರ ಸದ್ದೇ ಮಾಡದ ಎಂಜಿನ್ ಒಂದು ಸಂಜೆ ಹಿಡಿದುಕೊಂಡಾಗ ಆಗುವ ಖುಷಿಗೆ ಬೇರೇನೂ ಸಾಟಿಯಿಲ್ಲ ಎನ್ನುವವರು ಸೈಕಲ್ಲಿನಲ್ಲಿ ಸಮಾಧಾನ ಹುಡುಕುವುದು ಬೇಡ, ಸಣ್ಣ ಫೋರ್-ಸ್ಟ್ರೋಕ್ ಸಿಂಗಲ್ ತಂದುಕೊಳ್ಳಲಿ.

ದೂರದಿಂದ ಕೊಳ್ಳುವುದಾದರೆ ಮಾರುವವರಿಂದ ಪಕ್ಕದ ಚೆಂದದ ಫೋಟೊ ಬೇಡ ಎನ್ನಿ. ಬೈಕಾದರೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ತೆಗೆದ ಫೋಟೊ, ಎರಡೂ ನಂಬರಿನ ಫೋಟೊ, ತಣ್ಣಗಿರುವ ಎಂಜಿನ್ನನ್ನು ಶುರು ಮಾಡುವ ವಿಡಿಯೊ ಕೇಳಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಯಾರು ಹೊಡೆದರೂ ಶುರುವಾಗುತ್ತದೆ. ಎಂಟಿಬಿಯಾದರೆ ಫ್ರೇಮಿನ ಅಡಿಯ ನಂಬರು ಮತ್ತು ಪೆಡಲಿನ ತೋಳಾದ ಕ್ರ್ಯಾಂಕಿನ ಹಿಂಬದಿ. ಶಿಮಾನೊ ಸಾಮಾನಿನ ಮೇಲೆ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ: ಮೊದಲನೆಯದು ವರ್ಷ, 1976ಕ್ಕೆ ಎ ಎಂದು ಶುರು, ಎರಡನೆಯದು ತಿಂಗಳು, ಜನವರಿಗೆ ಎ. ಎನ್ ಮತ್ತು ಇ ಎಂದಿದ್ದರೆ 1989ರ ಮೇ. ಕ್ರ್ಯಾಂಕ್, ಗೇರ್ ಬದಲಿಸುವ ಡಿರೇಲರ್, ಬ್ರೇಕು ಎಲ್ಲದರ ಮೇಲೂ ಹತ್ತಿರ ಹತ್ತಿರದ ತಿಂಗಳುಗಳಿದ್ದರೆ ಸೈಕಲ್ ಕಾರ್ಖಾನೆಯಿಂದ ಹೊರಟ ಹಾಗೆಯೇ ಉಳಿದಿರುವ ಸಾಧ್ಯತೆ ಹೆಚ್ಚು. ಕೊನೆಗೆ ಸೀಟ್‌ಪೋಸ್ಟನ್ನು ಪೂರ್ತಿ ಹೊರಗೆಳೆದು ಪಕ್ಕದಲ್ಲಿಟ್ಟು ಒಂದು ಫೋಟೊ ಕಳಿಸಿ ಎನ್ನಿ. ಅದೊಂದನ್ನು ಬಿಟ್ಟು ಉಳಿದೆಲ್ಲ ಫೋಟೊ ಬಂದರೆ ಬೆಲೆಯ ಮಾತನ್ನು ಹೊಸದಾಗಿ ಶುರು ಮಾಡಿ.